ನಿಮ್ಮ ಬಗ್ಗೆ ಸ್ವಲ್ಪ ಹೇಳಿ

ದೊಡ್ಡಮಳೂರಿನಲ್ಲಿ ಯಾರ ಮನೆ ಹುಡುಗನಿಗೆ ಇಂಟರ್‌ವ್ಯೂ ಬಂದರೂ ಅದು ಆ ಹುಡುಗನೊಬ್ಬನ ಪಾಡಾಗಿ ಉಳಿಯುವುದಿಲ್ಲ. ಮೊಬೈಲಿಗೆ ಮೆಸೇಜು ಬಂದ ಅರ್ಧ ಗಂಟೆಯೊಳಗೆ ಬೀದಿಗೆಲ್ಲ ಸುದ್ದಿ. ಎದುರು ಮನೆ ಅಜ್ಜಿ ಜಗಲಿ ಮೇಲಿಂದಲೇ “ಸಂಬಳ ಎಷ್ಟಂತಪ್ಪ?” ಎಂದು ಕೇಳುತ್ತಾರೆ. ಇನ್ನೂ ಇಂಟರ್‌ವ್ಯೂ ಆಗಿಲ್ಲ ಅಜ್ಜಿ ಅಂದರೆ, “ಅದಿರ್ಲಿ, ಸಂಬಳ ಎಷ್ಟು ಹೇಳು” ಅನ್ನುತ್ತಾರೆ. ಜೀವಮಾನದಲ್ಲಿ ಯಾವ ಕಂಪನಿಯ ಗೇಟನ್ನೂ ದಾಟದ ಸೋದರಮಾವನಿಗೆ ಆ ಹೊತ್ತಿನಲ್ಲಿ ಕಾರ್ಪೊರೇಟ್ ಜಗತ್ತಿನ ಒಳಗುಟ್ಟೆಲ್ಲ ಹೊಳೆದುಬಿಡುತ್ತದೆ.

“ಒಳಕ್ಕೆ ಹೋದೇಟಿಗೆ ಕೂತ್ಕೋಬ್ಯಾಡ ಕಣ್ಲಾ. ಅವ್ರು ಕೂತ್ಕೋ ಅಂದ್ಮೇಲೆ ಕೂತ್ಕೋ.”

“ಅನ್ನದೇ ಹೋದ್ರೆ ಮಾವ?”

“ನಿಂತ್ಕೊಂಡೇ ಇರು. ಅದೂ ಒಂದು ಟೆಸ್ಟು.”

ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿರುತ್ತಾನೆ, ಇಲ್ಲವೇ ಐಟಿಐನಲ್ಲಿ ಫಿಟ್ಟರ್ ಟ್ರೇಡು ಮುಗಿಸಿರುತ್ತಾನೆ. ಅವನು ಅಷ್ಟು ದಿನ ಓದಿದ್ದೇನು ಎಂದು ಯಾರೂ ಕೇಳುವುದಿಲ್ಲ. ಎಲ್ಲರ ಗಮನ ಅವನ ಕಾಲಿನ ಮೇಲೆ. ಚಪ್ಪಲಿಯಲ್ಲಿ ಹೋಗೋಕಾಗುತ್ತಾ? ನಮ್ಮ ಬೀದಿಯಲ್ಲಿ ಇದಕ್ಕೆಂದೇ ಒಂದು ಜೊತೆ ಕಪ್ಪು ಶೂ ಇದೆ. ಯಾರೋ ತಮ್ಮ ಮದುವೆಯ ರಿಸೆಪ್ಶನ್ನಿಗೆ ಕೊಂಡದ್ದು, ಎಂಟನೇ ನಂಬರು. ಏಳರ ಕಾಲಿನವರು ತುದಿಗೆ ಹತ್ತಿ ತುರುಕಿಕೊಳ್ಳುತ್ತಾರೆ, ಒಂಬತ್ತರವರು ಬೆರಳು ಮಡಚಿಕೊಂಡು ಸಹಿಸಿಕೊಳ್ಳುತ್ತಾರೆ. ಬಿಡದಿ, ಹಾರೋಹಳ್ಳಿ, ಕುಂಬಳಗೋಡು, ಪೀಣ್ಯ ಎಂದು ಈ ಶೂ ಕಾಣದ ಇಂಡಸ್ಟ್ರಿಯಲ್ ಏರಿಯಾ ಇಲ್ಲ. ಬರೀ ಅನುಭವ ನೋಡಿ ಕೆಲಸ ಕೊಡುವುದಾದರೆ ಇಷ್ಟೊತ್ತಿಗೆ ಆ ಶೂಗಳಿಗೇ ಪ್ಲಾಂಟ್ ಮ್ಯಾನೇಜರ್ ಹುದ್ದೆ ಸಿಗಬೇಕಿತ್ತು.

ಶೂ ಆದಮೇಲೆ ದೇವರು. ನಮ್ಮೂರ ಅಪ್ರಮೇಯಸ್ವಾಮಿಯ ಗುಡಿಯಲ್ಲಿರುವ ಅಂಬೆಗಾಲು ಕೃಷ್ಣನನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಟ್ಟ ಮಗು ಅವನು. ಮಕ್ಕಳಾಗದವರು ಬಂದು ಹರಕೆ ಹೊತ್ತು, ಆದಮೇಲೆ ತೊಟ್ಟಿಲು ತಂದು ಕಟ್ಟುತ್ತಾರೆ. ಅವನ ಇಲಾಖೆ ಸಂತಾನದ್ದು, ಉದ್ಯೋಗದ್ದಲ್ಲ. ಆದರೆ ನಮ್ಮ ತಾಯಂದಿರ ತರ್ಕವೇ ಬೇರೆ. “ಕೊಟ್ಟೋನು ಅವನೇ ತಾನೆ? ಕೊಟ್ಟು ಕೈ ತೊಳ್ಕೊಂಡ್ರೆ ಆಯ್ತಾ? ಕೆಲ್ಸಾನೂ ಅವನೇ ಕೊಡಿಸ್ಬೇಕು” ಎಂದು ಒಬ್ಬ ತಾಯಿ ನನ್ನೆದುರೇ ಬೆಣ್ಣೆಯ ಬಟ್ಟಲು ಹಿಡಿದು ವಾದಿಸಿದ್ದುಂಟು. ಮಾಲು ತಯಾರಿಸಿದವರೇ ಗ್ಯಾರಂಟಿಯನ್ನೂ ಕೊಡಬೇಕೆಂಬ ಈ ನ್ಯಾಯಕ್ಕೆ ಕೃಷ್ಣನ ಬಳಿಯೂ ಉತ್ತರವಿದ್ದಂತೆ ಕಾಣಲಿಲ್ಲ.

ಒಳ್ಳೆಯ ಇಂಪ್ರೆಷನ್ ಮಾಡುವುದು ಹೇಗೆಂಬುದಕ್ಕೆ ನಮ್ಮೂರಲ್ಲಿ ಬಹಳ ಹಳೆಯ ಕತೆಯೂ ಇದೆ. ಪುರಂದರದಾಸರು ಇಲ್ಲಿಗೆ ಬಂದಾಗ ಗುಡಿಯ ಬಾಗಿಲು ಹಾಕಿತ್ತಂತೆ. ದಾಸರು ಹೊರಗೇ ನಿಂತು ಹಾಡಿದರಂತೆ. ‘ಜಗದೋದ್ಧಾರನ’ ಹುಟ್ಟಿದ್ದು ಆಗಲೇ ಎಂದು ಪ್ರತೀತಿ. ಬಾಗಿಲು ತೆರೆಯಿತು, ಕೃಷ್ಣ ಕತ್ತು ತಿರುಗಿಸಿ ನೋಡಿದ ಎಂದು ಹೇಳುತ್ತಾರೆ. ಕಾಲ್ ಲೆಟರ್ ಇಲ್ಲ, ರೆಸ್ಯೂಮೆ ಇಲ್ಲ, ಟೈಮು ಬೇರೆ ಮೀರಿತ್ತು. ಬಂದವರು ತಮ್ಮ ಬಗ್ಗೆ ಏನೂ ಹೇಳಿಕೊಳ್ಳಲಿಲ್ಲ, ತಮಗೆ ಬರುವ ಕೆಲಸ ಮಾಡಿ ತೋರಿಸಿದರು, ಅಷ್ಟೆ. ಹಾಗಂತ ಇದನ್ನು ಬಿಡದಿಯ ಗೇಟಿನಲ್ಲಿ ಪ್ರಯೋಗ ಮಾಡಬಾರದು. ಅಲ್ಲಿನ ಸೆಕ್ಯುರಿಟಿಯವನು ಹಾಡಿಗೆ ಕರಗುವವನಲ್ಲ, ರಿಜಿಸ್ಟರಿನಲ್ಲಿ ಸಹಿ ಕೇಳುತ್ತಾನೆ.

ರೆಸ್ಯೂಮೆ ಎಂದಾಗ ನೆನಪಾಯಿತು. ಅದರಲ್ಲಿ ‘ಖಾಯಂ ವಿಳಾಸ’ ಎಂಬ ಒಂದು ಕಲಂ ಇರುತ್ತದಲ್ಲ, ನಮ್ಮ ಕಡೆಯವರಿಗೆ ಅದೇ ಕಷ್ಟ. ನಾನು ಹುಟ್ಟಿದಾಗ ದೊಡ್ಡಮಳೂರು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು. 2007ರಲ್ಲಿ ರಾಮನಗರ ಜಿಲ್ಲೆಗೆ ಬಂತು. 2025ರಲ್ಲಿ ಅದರ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಊರು ಮಾತ್ರ ಕಣ್ವ ನದಿಯ ಪಕ್ಕ ಇದ್ದಲ್ಲೇ ಇದೆ. ಅಪ್ಪನ ರೇಷನ್ ಕಾರ್ಡಿನಲ್ಲಿ ಒಂದು ಜಿಲ್ಲೆ, ಮಗನ ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಎಚ್‌ಆರ್‌ನವರು ಕಡತ ತಿರುವಿ “ನೀವು ಯಾಕೆ ಪದೇ ಪದೇ ಊರು ಬದಲಾಯಿಸ್ತೀರಿ?” ಎಂದು ಕೇಳಿದರೆ ಹುಡುಗ ಏನು ಹೇಳಬೇಕು?

ಹೊರಡುವುದಂತೂ ನಸುಕಿನಲ್ಲೇ. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಬಂದಮೇಲೆ ಬೆಂಗಳೂರು ಹತ್ತಿರವಾಯಿತು ಅನ್ನುತ್ತಾರೆ. ಕಾರಿದ್ದವರಿಗೆ ಆಗಿರಬಹುದು. ಅದೇ ವರ್ಷ ಆಗಸ್ಟಿನಿಂದ ಅದರ ಮೇಲೆ ಬೈಕು ಬಿಡುವುದಿಲ್ಲ, ಸರ್ವಿಸ್ ರಸ್ತೆಯ ಧೂಳು ಕುಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಡದಿ ತಲುಪುವಾಗ ಕೆಮ್ಮಣ್ಣಿನ ಬಣ್ಣಕ್ಕೆ ಬಂದಿರುತ್ತದೆ. ಹಾಗಾಗಿ ಚನ್ನಪಟ್ಟಣಕ್ಕೆ ಹೋಗಿ ರೈಲು. ಇಂಟರ್‌ವ್ಯೂಗೆ ಹೊರಟವರನ್ನು ಪ್ಯಾಸೆಂಜರ್ ಗಾಡಿಯಲ್ಲಿ ಸುಲಭವಾಗಿ ಗುರುತಿಸಬಹುದು. ಸೀಟು ಖಾಲಿ ಇದ್ದರೂ ಅಂಗಿ ಸುಕ್ಕಾಗುತ್ತದೆಂದು ನಿಂತಿರುತ್ತಾರೆ. ರಾಮನಗರ ದಾಟುವಾಗ ತುಟಿ ಅಲ್ಲಾಡುತ್ತಿರುತ್ತದೆ, ಕೇತೋಹಳ್ಳಿ ಬರುವಾಗ ಬೆವರು. ಬಿಡದಿಯಲ್ಲಿ ಇಳಿದರೆ ತಟ್ಟೆ ಇಡ್ಲಿಯ ಹಬೆ, ಬೆಣ್ಣೆಯ ವಾಸನೆ. ಅಲ್ಲಿ ಮಾತ್ರ ಮನಸ್ಸು ಗಟ್ಟಿ ಮಾಡಬೇಕು. ಚಟ್ನಿಯ ಒಂದು ಹನಿ ಬಿದ್ದರೆ ಮುಗಿಯಿತು. ಹೊಟ್ಟೆ ಮುಂದೋ ಕೆಲಸ ಮುಂದೋ ಎಂಬ ಪ್ರಶ್ನೆಗೆ ನಮ್ಮ ಹುಡುಗರು ಎದೆಗೆ ಕರ್ಚೀಫು ಸಿಕ್ಕಿಸಿಕೊಂಡು ತಿನ್ನುವ ಮಧ್ಯಮ ಮಾರ್ಗ ಕಂಡುಕೊಂಡಿದ್ದಾರೆ.

ಬಿಡದಿಗೆ ಟೊಯೋಟಾ ಕಿರ್ಲೋಸ್ಕರ್ 1997ರಲ್ಲಿ ಬಂದಮೇಲೆ ಅದರ ಹಿಂದೆ ಬಿಡಿಭಾಗ ಮಾಡುವ ಕಂಪನಿಗಳೂ ಬಂದವು. ನಮ್ಮ ಕಡೆಯ ಮನೆಗಳಲ್ಲಿ ಶಿಫ್ಟು, ಓಟಿ, ಕ್ಯಾಂಟೀನು ಎಂಬ ಮಾತುಗಳು ರಾಗಿ, ರೇಷ್ಮೆಗೂಡು, ತೆಂಗಿನಕಾಯಿಯ ಜೊತೆ ಸೇರಿಕೊಂಡವು. 2007ರಲ್ಲಿ ಟೊಯೋಟಾದವರು ಅಲ್ಲೇ ತರಬೇತಿ ಶಾಲೆ ತೆರೆದು ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳನ್ನು ಮೂರು ವರ್ಷ ಇಟ್ಟುಕೊಂಡು ಕಲಿಸತೊಡಗಿದರು. ಸೆಯ್ರಿ, ಸೆಯ್ಟೊನ್ ಎಂದು ಜಪಾನಿ ಮಾತಿನಲ್ಲಿ ಶುರುವಾಗುವ ಫೈವ್ ಎಸ್ ಸೂತ್ರವನ್ನು ಈಗ ನಮ್ಮ ಹುಡುಗರು ಅಷ್ಟೋತ್ತರದ ಧಾಟಿಯಲ್ಲಿ ಒಪ್ಪಿಸುತ್ತಾರೆ. ಸಾಮಾನು ವಿಂಗಡಿಸಿ, ಜೋಡಿಸಿ, ಸ್ವಚ್ಛವಾಗಿಡಿ ಎಂಬುದು ಅದರ ಸಾರ. ಇದನ್ನೇ ಅವರ ಅವ್ವಂದಿರು ಕನ್ನಡದಲ್ಲಿ ಹೇಳಿದಾಗ ಯಾರೂ ಕೇಳಿರಲಿಲ್ಲ.

ನಾನೊಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ತಲೆಗೂದಲು ಕಳೆದುಕೊಂಡವನು. ಕೊನೆಯ ವರ್ಷಗಳಲ್ಲಿ ನನ್ನನ್ನು ಮೇಜಿನ ಆಚೆ ಬದಿಗೆ ಕೂರಿಸಿ ಟೆಕ್ನಿಕಲ್ ಪ್ಯಾನೆಲ್ ಎಂದು ಹೆಸರಿಟ್ಟರು. ಎಡಕ್ಕೆ ಎಚ್‌ಆರ್‌ನವರು, ಬಲಕ್ಕೆ ಪ್ರೊಡಕ್ಷನ್‌ನವರು, ನಡುವೆ ಬಿಸ್ಕತ್ತಿನ ತಟ್ಟೆ. ಎಚ್‌ಆರ್‌ನವರು ಒಳಗೆ ಬಂದವರಿಗೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.” ಉತ್ತರವೂ ಒಂದೇ. “ಮೈಸೆಲ್ಫ್” ಎಂದು ಶುರುವಾಗಿ, ಹಾರ್ಡ್ ವರ್ಕು, ಟೀಮ್ ವರ್ಕು, ಪಾಸಿಟಿವ್ ಥಿಂಕಿಂಗು ಎಂದು ಸಾಗಿ, ಉಸಿರು ಮುಗಿದಲ್ಲಿ ನಿಲ್ಲುತ್ತಿತ್ತು. ನಿಮ್ಮ ದೌರ್ಬಲ್ಯವೇನು ಎಂದರೆ, ಕೆಲಸ ಮುಗಿಯುವ ತನಕ ನಿದ್ದೆ ಬರಲ್ಲ ಸಾರ್ ಎಂದು ಎಲ್ಲರೂ ಹೇಳುವವರೇ. ಈ ಕಾಯಿಲೆ ಡಿಪ್ಲೊಮಾ ಕಾಲೇಜುಗಳಲ್ಲಿ ಇಷ್ಟು ಹಬ್ಬಿದ್ದರೂ ಆರೋಗ್ಯ ಇಲಾಖೆ ಸುಮ್ಮನಿದೆಯಲ್ಲ ಎಂದು ನನಗೆ ಚಿಂತೆಯಾಗುತ್ತಿತ್ತು. ಆಮೇಲೆ ಬರುವುದು ಐದು ವರ್ಷದ ಪ್ರಶ್ನೆ: ಐದು ವರ್ಷ ಆದಮೇಲೆ ಎಲ್ಲಿರುತ್ತೀರಿ? ನಾವು ಕೊಡುತ್ತಿದ್ದುದು 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಒಂದು ವರ್ಷದ ತರಬೇತಿ. ಮುಗಿದ ಮರುದಿನ ಅವನು ಎಲ್ಲಿರುತ್ತಾನೆ ಎಂದು ನಮಗೇ ಗೊತ್ತಿರಲಿಲ್ಲ. ಆದರೂ ಹುಡುಗರು ಪಾಪ, “ನಿಮ್ಮ ಕಂಪನಿಯಲ್ಲೇ ದೊಡ್ಡ ಸ್ಥಾನದಲ್ಲಿರ್ತೀನಿ ಸಾರ್” ಎಂದು ನಮ್ಮ ಮಾನ ಉಳಿಸುತ್ತಿದ್ದರು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ನಮ್ಮವರು ಪಡುವ ಪಾಡು ಹೇಳತೀರದು. ಸಿವಿಲ್ ಡಿಪ್ಲೊಮಾದ ಒಬ್ಬನಿಗೆ ಕಟ್ಟಡದ ತಳಪಾಯದಲ್ಲಿ ಎಷ್ಟು ಬಗೆ ಎಂದು ಕೇಳಿದರು. ಅವನು ಒಂದು, ಎರಡು ಹೇಳಿ ಸಿಕ್ಕಿಹಾಕಿಕೊಂಡ. ಕಡೆಗೆ “ತಳಪಾಯ ಇಲ್ಲದೆಯೂ ಕಟ್ಟಬಹುದು ಸಾರ್, ನಮ್ಮೂರ ಅಪ್ರಮೇಯಸ್ವಾಮಿ ದೇವಸ್ಥಾನ ಮರಳ ಮೇಲೇ ನಿಂತಿದೆ ಅಂತಾರೆ” ಅಂದ. ಊರಲ್ಲಿ ಹಾಗೆ ಹೇಳುವುದು ನಿಜ. ಪ್ರೊಡಕ್ಷನ್‌ನವರು ಬಿಸ್ಕತ್ತು ಅದ್ದಿದ್ದನ್ನು ಮರೆತರು, ಅದು ಕಾಫಿಯಲ್ಲಿ ಮುಳುಗಿತು. ನನಗೆ ಊರಿನ ಅಭಿಮಾನ ಒಂದು ಕಡೆ, ನಮ್ಮ ಹೊಸ ಶೆಡ್ಡಿನ ಗತಿಯೇನು ಎಂಬ ಭಯ ಇನ್ನೊಂದು ಕಡೆ.

ಪ್ರಶ್ನೆ ಕೇಳಿ ಮನುಷ್ಯನನ್ನು ಅಳೆಯುವ ಹುಚ್ಚು ದೊಡ್ಡವರಿಗೂ ಇತ್ತು. ಥಾಮಸ್ ಆಲ್ವಾ ಎಡಿಸನ್ ಕೆಲಸ ಕೇಳಿ ಬಂದವರಿಗೆ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪತ್ರಿಕೆ ಕೊಡುತ್ತಿದ್ದ. 1921ರಲ್ಲಿ ಅದು ಪೇಪರಿನವರ ಕೈಗೆ ಸಿಕ್ಕಿ ದೊಡ್ಡ ರಂಪವಾಯಿತು. ಆ ವರ್ಷವೇ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನ್‌ಗೆ ಬಾಸ್ಟನ್ನಿನಲ್ಲಿ ಯಾರೋ ಅದರಿಂದ ಒಂದು ಪ್ರಶ್ನೆ ಎತ್ತಿ, ಶಬ್ದದ ವೇಗ ಎಷ್ಟು ಎಂದು ಕೇಳಿಯೇಬಿಟ್ಟರು. ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂಬರ್ಥದ ಉತ್ತರ ಬಂತು. ಐನ್‌ಸ್ಟೈನ್ ಹಾಗೆ ಹೇಳಿದರೆ ಜ್ಞಾನ, ನಮ್ಮ ಹುಡುಗ ಹೇಳಿದರೆ ಉಡಾಫೆ ಎಂಬುದು ನಿಜವೇ. ಆದರೆ “ಗೊತ್ತಿಲ್ಲ ಸಾರ್” ಎಂದು ನೆಟ್ಟಗೆ ಹೇಳಿದವನ ಮುಂದಿನ ಉತ್ತರವನ್ನು ನಾನು ನಂಬುತ್ತಿದ್ದೆ. ಎಲ್ಲಕ್ಕೂ ಉತ್ತರ ಕೊಟ್ಟವನ ಯಾವ ಉತ್ತರ ನಂಬಬೇಕೋ ತಿಳಿಯುತ್ತಿರಲಿಲ್ಲ. ನಾಳೆ ಮೆಷಿನ್ ಕೆಟ್ಟು ನಿಂತಾಗ ನಮಗೆ ಬೇಕಾದವನು ಮೊದಲನೆಯವನು.

ವಿನಯವಾಗಿರಬೇಕು, ತಲೆ ತಗ್ಗಿಸಿ ಮಾತಾಡಬೇಕು ಎಂದು ಸೋದರಮಾವಂದಿರು ಹೇಳುತ್ತಾರಲ್ಲ, ಅದಕ್ಕೂ ಒಂದು ಮಿತಿ ಉಂಟು. ನಮ್ಮ ಸುಧಾ ಮೂರ್ತಿಯವರ ಕತೆ ಎಲ್ಲರಿಗೂ ಗೊತ್ತು. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದಾಗ, ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೋ ಕಂಪನಿಯ ಜಾಹೀರಾತು ಕಂಡು, ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್ ಕಾರ್ಡಿನಲ್ಲಿ ಜಗಳದ ಕಾಗದ ಬರೆದರು. ಕಂಪನಿ ಪ್ರಯಾಣದ ಖರ್ಚು ಕೊಟ್ಟು ಪುಣೆಗೆ ಕರೆಸಿಕೊಂಡಿತು. ಟೆಕ್ನಿಕಲ್ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ಟೆಲ್ಕೋದ ಶಾಪ್ ಫ್ಲೋರಿನ ಮೊದಲ ಮಹಿಳಾ ಇಂಜಿನಿಯರ್ ಆದರು. ಇಂಪ್ರೆಷನ್ ಮಾಡುವುದು ಹೇಗೆಂದು ಹೇಳುವ ಯಾವ ಪುಸ್ತಕವೂ, ಮೊದಲು ಚೇರ್ಮನ್ನರಿಗೆ ಬೈದು ಕಾರ್ಡು ಬರೆಯಿರಿ ಎಂದು ಶುರು ಮಾಡುವುದಿಲ್ಲ. ಕಾರ್ಡು ಬಾಗಿಲು ತೆಗೆಸಿತು, ಒಳಗೆ ಕೂರಿಸಿದ್ದು ಕಲಿತ ವಿದ್ಯೆ.

ನನ್ನ ಕಾಲದಲ್ಲಿ ಹಾಗೆ ಒಳಗೆ ಬಂದು ಕೂತವನೊಬ್ಬ ಚನ್ನಪಟ್ಟಣದ ಗೊಂಬೆ ಕೆಲಸದವರ ಮಗ. ಟರ್ನರ್ ಟ್ರೇಡು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಗಂಟಲು ಕಟ್ಟಿತು. ಮೈಸೆಲ್ಫ್ ಎಂದವನು ಅಲ್ಲೇ ನಿಂತ. ಎಚ್‌ಆರ್‌ನವರು ಹಾಳೆಯ ಮೇಲೆ ಏನೋ ಗೀಚಿ ಮಡಚುವುದರಲ್ಲಿದ್ದರು. ನಾನು ಸುಮ್ಮನೆ, “ಮನೇಲಿ ಲೇತ್ ಮೇಲೆ ಕೂತಿದ್ದೀಯೇನಪ್ಪ?” ಎಂದೆ.

“ಕೂತಿದ್ದೀನಿ ಸಾರ್. ಅಪ್ಪಂಗೆ ಆರ್ಡರ್ ಜಾಸ್ತಿ ಇದ್ದಾಗ.”

“ಉಳಿ ಮೊಂಡಾಗಿದೆ ಅಂತ ಹೆಂಗೆ ಗೊತ್ತಾಗುತ್ತೆ?”

ಹುಡುಗನ ಬೆನ್ನು ತಾನಾಗಿ ನೆಟ್ಟಗಾಯಿತು. “ಸದ್ದು ಬದಲಾಗುತ್ತೆ ಸಾರ್. ಹರಿತ ಇದ್ರೆ ಮರ ಸುರುಳಿ ಸುರುಳಿಯಾಗಿ ಬರುತ್ತೆ. ಮೊಂಡಾದ್ರೆ ಪುಡಿ ಬರುತ್ತೆ. ಅದು ಕಡೀತಾ ಇಲ್ಲ, ಕೆರೀತಾ ಇದೆ ಅಂತ.” ಆಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. ಹಾಲೆಮರ ಒಣಗದಿದ್ದರೆ ಆಮೇಲೆ ಸೀಳು ಬಿಡುವುದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುವುದು, ಜೋರಾಗಿ ಒತ್ತಿದರೆ ಸೀದುಹೋಗುವುದು, ಅಳುಕಿದರೆ ಗೀಟು ಗೀಟಾಗುವುದು, ಕಡೆಗೆ ತಾಳೆಗರಿ ಹಿಡಿದು ಹೊಳಪು ತರುವುದು, ಎಲ್ಲ ಹೇಳಿದ. ಹೇಳುವಾಗ ಮೇಜಿನ ಅಂಚನ್ನೇ ಲೇತ್ ಮಾಡಿಕೊಂಡು ಹೆಬ್ಬೆರಳಿನಲ್ಲಿ ಒತ್ತಿ ತೋರಿಸುತ್ತಿದ್ದ.

ಪ್ರೊಡಕ್ಷನ್‌ನವರು ಪರೀಕ್ಷೆಗೆಂದು ಅವನ ಮುಂದೆ ಒಂದು ಉಕ್ಕಿನ ಪಿನ್ನು, ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟರು. ಅವನಿಗಿಂತ ಮುಂಚೆ ಬಂದವರೆಲ್ಲ ವರ್ನಿಯರ್ ಎತ್ತಿದವರೇ ಪಿನ್ನಿಗೆ ಹಾಕಿ ಅಳತೆ ಹೇಳಿದ್ದರು. ಇವನು ಮೊದಲು ಕ್ಯಾಲಿಪರಿನ ದವಡೆಗಳನ್ನು ಅಂಗಿಯ ತೋಳಿನಿಂದ ಒರೆಸಿದ. ಆಮೇಲೆ ಅವೆರಡನ್ನೂ ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. ಸೊನ್ನೆಗೆ ಸೊನ್ನೆ ಕೂಡಲಿಲ್ಲ. “ಇದ್ರಲ್ಲಿ ಝೀರೋ ಎರರ್ ಇದೆ ಸಾರ್, ಎರಡು ಗೀಟು” ಎಂದ. ಆ ವರ್ನಿಯರಿನಲ್ಲಿ ಒಂದು ಗೀಟಿಗೆ 0.02 ಮಿಲಿಮೀಟರು, ಎಂದರೆ ಎರಡಕ್ಕೆ 0.04. ಬೆಳಗಿನಿಂದ ಬಂದವರ ಉತ್ತರವನ್ನೆಲ್ಲ ನಾವು ಅದೇ ವರ್ನಿಯರಿನ ಅಳತೆಗೆ ಹೋಲಿಸಿ ಮಾರ್ಕು ಹಾಕಿದ್ದೆವು. ಪ್ರೊಡಕ್ಷನ್‌ನವರು ನನ್ನ ಮುಖ ನೋಡಿದರು, ನಾನು ಬಿಸ್ಕತ್ತು ನೋಡಿದೆ. ಬಿಳಿ ಅಂಗಿಯ ತೋಳಿನ ಮೇಲೆ ಗ್ರೀಸಿನ ಕರಿ ಗೆರೆ ಎದ್ದು ಕಾಣುತ್ತಿತ್ತು. ಹುಡುಗನಿಗೆ ಅದರ ಕಡೆ ಗಮನವೇ ಇರಲಿಲ್ಲ. ಆ ಗೆರೆಯನ್ನು ಮೀರಿಸುವ ಇಂಪ್ರೆಷನ್ ಆ ಕೋಣೆಯಲ್ಲಿ ನಾನು ಮತ್ತೆ ಕಾಣಲಿಲ್ಲ.

ಇದನ್ನು ಅಂಕಿ ಹಾಕಿ ಹೇಳಿದವರೂ ಇದ್ದಾರೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು, ಕೆಲಸಕ್ಕೆ ಜನರನ್ನು ಆರಿಸುವ ಬಗ್ಗೆ 85 ವರ್ಷ ನಡೆದ ಸಂಶೋಧನೆಯನ್ನೆಲ್ಲ ಗುಡ್ಡೆ ಹಾಕಿ ಸೋಸಿದರು. ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗಿಂತ ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವುದು ಮೇಲು ಎಂದು ಬಂತು. ಚನ್ನಪಟ್ಟಣದ ಮೇಸ್ತ್ರಿಗಳು ಇದನ್ನು ಓದಿದವರಲ್ಲ. ಕೆಲಸ ಕೇಳಿ ಬಂದವನ ಕೈಗೆ ಮರದ ತುಂಡು ಕೊಟ್ಟು ಬುಗುರಿ ಕಡೆ ಅನ್ನುತ್ತಾರೆ. ತಿರುಗಿದರೆ ಕೆಲಸ, ತೂರಾಡಿದರೆ ಟೀ ಕುಡಿಸಿ ಕಳಿಸುತ್ತಾರೆ.

ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ ತೆಗೆದ ‘ಶೋಲೆ’ಯಲ್ಲಿ ಆಗಿದ್ದೂ ಇದೇ ಅಲ್ಲವೇ? 1975ರಲ್ಲಿ ಬಂದ ಆ ಸಿನಿಮಾವನ್ನು ಎಲ್ಲರೂ ಹೊಡೆದಾಟದ ಕತೆ ಅಂದುಕೊಂಡಿದ್ದಾರೆ. ನನ್ನ ಕಣ್ಣಿಗೆ ಅದು ನೇಮಕಾತಿಯ ಕತೆ. ಠಾಕೂರ್ ತಾನು ಗೊತ್ತು ಮಾಡಿದ ಇಬ್ಬರ ರೆಸ್ಯೂಮೆ ನೋಡಿದ್ದರೆ ಕಳ್ಳತನ, ಜೈಲು ಬಿಟ್ಟು ಬೇರೆ ಅನುಭವವಿಲ್ಲ. ಆದರೆ ರೈಲಿನಲ್ಲಿ ಅವರು ಕೆಲಸ ಮಾಡಿದ್ದನ್ನು ಆತ ಕಣ್ಣಾರೆ ಕಂಡಿದ್ದ. ಸಾಲದ್ದಕ್ಕೆ ಊರಿಗೆ ಬಂದ ಕೂಡಲೇ ಆಳುಗಳನ್ನು ಬಿಟ್ಟು ಒಂದು ಪ್ರಾಕ್ಟಿಕಲ್ ಬೇರೆ ಮಾಡಿಸಿದ. ಆಚೆ ಬಂಡೆಯ ಮೇಲೆ ಗಬ್ಬರ್ ಸಿಂಗನ ಎಚ್‌ಆರ್ ನೀತಿ ಇನ್ನೊಂದು ಥರ. ಬರಿಗೈಯಲ್ಲಿ ವಾಪಸಾದ ಸಿಬ್ಬಂದಿಯನ್ನು ಸಾಲಾಗಿ ನಿಲ್ಲಿಸಿ, ಎದುರಿಗಿದ್ದವರ ತಲೆ ಎಣಿಸಿ ಹೇಳಿ ಎಂದು ವಾರ್ಷಿಕ ಮೌಲ್ಯಮಾಪನ ನಡೆಸುತ್ತಾನೆ. ಯಾವ ಸಂಸ್ಥೆ ಕಡೆಗೆ ಉಳಿಯಿತು ಎಂದು ಎಲ್ಲರಿಗೂ ಗೊತ್ತು.

ಇಂಟರ್‌ವ್ಯೂ ಮುಗಿದಾಗ ನಾವು ಹೇಳುತ್ತಿದ್ದುದು ಒಂದೇ ಮಾತು: “ತಿಳಿಸ್ತೀವಿ.” ಹುಡುಗರು ಅದನ್ನು ಜೋಪಾನವಾಗಿ ಊರಿಗೆ ಒಯ್ಯುತ್ತಾರೆ. ಅಜ್ಜಿ ಕೇಳುತ್ತಾರೆ, ಅವ್ವ ಕೇಳುತ್ತಾಳೆ, ಶೂ ಕೊಟ್ಟವರು ಕೇಳುತ್ತಾರೆ. ಹೇಗೆ ಹೇಳಿದರು, ನಕ್ಕು ಹೇಳಿದರಾ, ಎದ್ದು ನಿಂತು ಹೇಳಿದರಾ ಎಂದು ವಾರಗಟ್ಟಲೆ ವ್ಯಾಖ್ಯಾನ ನಡೆಯುತ್ತದೆ. ನಾವು ಇಲ್ಲಿ ಆ ಹಾಳೆಯ ಮೇಲೆ ಕಾಫಿ ಲೋಟ ಇಟ್ಟಿರುತ್ತೇವೆ.

ಈ ಲೆಕ್ಕವನ್ನು ಒಂದು ಸಲ ಚುಕ್ತಾ ಮಾಡಿದವಳು ಮಾಗಡಿ ಕಡೆಯ ಒಬ್ಬ ಹುಡುಗಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಕೇಳಿದ್ದಕ್ಕೆ ಬಂದಷ್ಟು ಹೇಳಿದಳು, ಬಾರದ್ದಕ್ಕೆ ಬರಲ್ಲ ಅಂದಳು. ಎಚ್‌ಆರ್‌ನವರು ರೂಢಿಯಂತೆ “ಎನಿ ಕ್ವೆಶ್ಚನ್ಸ್?” ಎಂದರು. ಯಾರೂ ಏನೂ ಕೇಳದ ಜಾಗ ಅದು. ಹುಡುಗಿ ಬ್ಯಾಗಿನಿಂದ ಒಂದು ಚೀಟಿ ತೆಗೆದಳು.

“ಟ್ರೈನಿಂಗಲ್ಲಿ ಮೆಷಿನ್ ನಮ್ಮ ಕೈಗೆ ಕೊಡ್ತೀರಾ ಸಾರ್, ಇಲ್ಲಾ ದೂರ ನಿಂತು ನೋಡ್ಬೇಕಾ?”

ನಾವು ಮೂವರೂ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದೆವು. ಕೊಡುತ್ತೇವೆ ಎಂದು ಪ್ರೊಡಕ್ಷನ್‌ನವರು ಅಂದರು. ಯಾವ ತಿಂಗಳಿನಿಂದ ಎಂದಳು. ಸೆಕೆಂಡ್ ಶಿಫ್ಟ್ ಬಿಟ್ಟಮೇಲೆ ಬಸ್ಸು ಎಲ್ಲಿವರೆಗೆ ಬಿಡುತ್ತದೆ ಎಂದಳು. ಹೋದ ವರ್ಷ ತರಬೇತಿ ಮುಗಿಸಿದವರಲ್ಲಿ ಎಷ್ಟು ಜನರನ್ನು ಉಳಿಸಿಕೊಂಡಿರಿ ಎಂದಳು. ಎಚ್‌ಆರ್‌ನವರು ಟೈ ಸರಿ ಮಾಡಿಕೊಂಡು ನಮ್ಮದು ಒಂದೇ ಕುಟುಂಬ, ಹಾರ್ಡ್ ವರ್ಕು, ಟೀಮ್ ವರ್ಕು ಎಂದು ಶುರು ಮಾಡಿ, ಉಸಿರು ಮುಗಿದಲ್ಲಿ ನಿಂತರು. ಹುಡುಗಿ ಎಲ್ಲವನ್ನೂ ಚೀಟಿಯಲ್ಲಿ ಗುರುತು ಹಾಕಿಕೊಂಡು ಎದ್ದಳು. ಬಿಸ್ಕತ್ತು ತಗೊಳಮ್ಮ ಎಂದು ನಾನು ತಟ್ಟೆ ಮುಂದೆ ಮಾಡಿದೆ. ಬೇಡ ಸಾರ್ ಎಂದು ನಕ್ಕು ಬಾಗಿಲ ತನಕ ಹೋಗಿ, ತಿರುಗಿ ನಿಂತು, ತುಂಬ ಮರ್ಯಾದೆಯಿಂದ ಹೇಳಿದಳು:

“ತಿಳಿಸ್ತೀನಿ.”